ಪೈಲ್ವಾನನೂ ಶಾಸ್ತ್ರಿಯೂ ಕೂಡಿದ ಪುಟ

‘ನಾನು ಹೇಳಿದ್ದು ಸುಳ್ಳೇ? ಓದುವಾಗ ಒಂದಿಷ್ಟು ಸೇರಿಸಿದೆ, ಅಷ್ಟೇ ಅಲ್ಲವೇ?’ ಎಂದು ಸಾವಿತ್ರವ್ವ ದಿನಚರಿಯಲ್ಲಿ ಬರೆದಳು. ಬರೆದು ಹೊಡೆದು ಹಾಕಿದಳು. ಮತ್ತೆ ಅದನ್ನೇ ಬರೆದಳು.

ಧಾರವಾಡದಲ್ಲಿ ಬಿ.ಎ. ಮುಗಿಸಿ ಗೋಕಾಕಕ್ಕೆ ಮರಳಿದ ಮೇಲೆ ಅವಳು ಮನಸ್ಸು ಬಿಚ್ಚಿ ಕೂಡುತ್ತಿದ್ದುದು ಒಬ್ಬಳ ಬಳಿ ಮಾತ್ರ. ಬಾಜೂ ಮನೆಯ ಕೆಂಪವ್ವ. ಐವತ್ತು ದಾಟಿದ ಕೆಂಪವ್ವ ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಚ್ಚಿ ಮಾರುವವಳು. ಅಕ್ಷರ ಬಾರದು, ದನಿ ಮಾತ್ರ ಓಣಿಯ ಆ ತುದಿಗೂ ಕೇಳಬೇಕು. ಮಧ್ಯಾಹ್ನ ಅವಳು ಬಾಳೆಹಣ್ಣಿಗೆ ಹಳದಿ ಬಳಿಯುತ್ತ ಕೂತರೆ, ಸಾವಿತ್ರವ್ವ ಪಕ್ಕದಲ್ಲಿ ಒಂದು ಕಾದಂಬರಿ ಓದಿ ಹೇಳುತ್ತಿದ್ದಳು.

ಆ ಕಾದಂಬರಿ ಒಬ್ಬ ಪೈಲ್ವಾನ ಮತ್ತು ಒಬ್ಬ ಶಾಸ್ತ್ರಿಯ ಗೆಳೆತನದ್ದು.

“ಗರಡಿಯಂವಗೂ ಪಂಚಾಂಗದಂವಗೂ ಹೆಂಗ ಕೂಡಿ ಬಂತ ತಂಗಿ?” ಎಂದು ಕೇಳಿ, ಕೆಂಪವ್ವ ತಾನೇ ನಗುತ್ತಿದ್ದಳು. “ಮಾತ ಬರದ ಬಿ.ಎ.ಗೂ ಬಾಯಿ ಮುಚ್ಚದ ಈ ಕೆಂಪಿಗೂ ಕೂಡಿ ಬಂದಂಗ!”

ಕಥೆಯಲ್ಲಿ ಇಬ್ಬರೂ ಜಗಳಾಡಿ ದೂರವಾದರು. ಅಲ್ಲಿಂದ ಮುಂದಿನ ಪುಟಗಳೇ ಇರಲಿಲ್ಲ, ಯಾರೋ ಹರಿದಿದ್ದರು. ಸಾವಿತ್ರವ್ವ ತಲೆ ಎತ್ತಿದಾಗ ಕೆಂಪವ್ವನ ಕುಂಚ ಗಾಳಿಯಲ್ಲೇ ನಿಂತಿತ್ತು. ಪುಟ ಇಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ. ಓದುತ್ತಿರುವಂತೆಯೇ ಮುಂದುವರಿಸಿದಳು: ಎಲೆ ಕೊಟ್ಟು ಹಳೆಯ ಮುನಿಸು ಮರೆಯುವ ಬನ್ನಿ ಹಬ್ಬದ ದಿನ ಶಾಸ್ತ್ರಿ ಗರಡಿಗೆ ಬಂದ, ಪೈಲ್ವಾನನ ಕೈಯಲ್ಲಿ ಬನ್ನಿ ಎಲೆ ಇಟ್ಟ, ಪೈಲ್ವಾನ ಅವನನ್ನು ಎತ್ತಿ ಅಪ್ಪಿಕೊಂಡ.

ಕೆಂಪವ್ವ ಹಳದಿ ಕೈಯಿಂದಲೇ ಕಣ್ಣು ಒರೆಸಿಕೊಂಡಳು. “ಈ ಬನ್ನಿಗೆ ನಾನೂ ಹುಕ್ಕೇರಿಗೆ ಹೋಗ್ತೀನಿ. ಬಾಳಿಗೆ ಬನ್ನಿ ಕೊಡ್ತೀನಿ.”

ಹುಕ್ಕೇರಿಯ ಬಾಳವ್ವ ಅವಳ ಬಾಲ್ಯದ ಗೆಳತಿ. ಏಳು ವರ್ಷದ ಹಿಂದೆ, ಬಾಳವ್ವನ ಮಗಳಿಗೆ ಗೊತ್ತಾದ ವರ ಕುಡಿಯುತ್ತಾನೆಂದು ಕೆಂಪವ್ವ ನಾಲ್ಕು ಮಂದಿಯ ಮುಂದೆ ಅಂದುಬಿಟ್ಟಿದ್ದಳು. ಸಂಬಂಧ ಮುರಿಯಿತು, ಗೆಳೆತನವೂ ಮುರಿಯಿತು. ಎರಡು ವರ್ಷದ ಹಿಂದೊಮ್ಮೆ ಹೋದಾಗ ಬಾಳವ್ವ ಬಾಗಿಲು ತೆರೆದಿರಲಿಲ್ಲ. ಮರಳಿ ಬಂದ ಕೆಂಪವ್ವ ಮೂರು ದಿನ ಉಂಡಿರಲಿಲ್ಲ.

“ಈ ಸರ್ತಿನೂ ತೆರೀದಿದ್ರ, ಕಾಕೂ?” ಚಿಕ್ಕಮ್ಮನನ್ನು ಕರೆದಂತೆ ಕರೆದು ಸಾವಿತ್ರವ್ವ ಕೇಳಿದಳು.

“ಯಾಕ ತೆರಿಯಂಗಿಲ್ಲ? ಅಚ್ಚಿನ್ಯಾಗ ಬಂದದ್ದು ಸುಳ್ಳ ಆಕ್ಕೈತೇನ?”

ಸಾವಿತ್ರವ್ವನಿಗೆ ದಿಕ್ಕೇ ತೋಚಲಿಲ್ಲ. ಹೇಳಿದರೆ ಕೆಂಪವ್ವ ಇನ್ನು ತನ್ನ ಯಾವ ಮಾತನ್ನೂ ನಂಬುವುದಿಲ್ಲ. ಹೇಳದಿದ್ದರೆ ಆ ಮುಚ್ಚಿದ ಬಾಗಿಲ ಮುಂದೆ ಅವಳನ್ನು ನಿಲ್ಲಿಸುವವಳು ತಾನೇ. ಒಂದು ವೇಳೆ ಬಾಗಿಲು ತೆರೆದರೆ? ಆಗ ಸುಳ್ಳು ಒಳ್ಳೆಯದಾಯಿತೇ? ಎಂಟು ದಿನ ಬರೆದರೂ ದಿನಚರಿ ಉತ್ತರ ಕೊಡಲಿಲ್ಲ.

ಹಬ್ಬದ ಮುಂಜಾನೆ ಕೆಂಪವ್ವ ಹೊಸ ಇಳಕಲ್ ಸೀರೆ ಉಟ್ಟು, ಬನ್ನಿ ಎಲೆಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. “ನಡಿ ತಂಗಿ, ನೀನೂ ಬಾ. ಪುಸ್ತಕಾ ತಗೋ.”

“ಪುಸ್ತಕಾ ಯಾಕ್ರಿ?”

“ಬಾಳಿ ಮಾರಿ ತಿರುವಿದ್ಲಂದ್ರ ಆ ಕಡೀ ಪುಟಾ ಆಕಿಗೆ ಓದಿ ಕೇಳ್ಸು. ನನ್ನ ಮಾತ ಕೇಳಂಗಿಲ್ಲ ಆಕಿ. ಪುಸ್ತಕದ ಮಾತ ಕೇಳ್ತಾಳ.”

ಸಾವಿತ್ರವ್ವ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಮೋಟಾರು ನಿಲ್ಲುವಲ್ಲಿಗೆ ಅವಳ ಹಿಂದೆ ನಡೆದಳು. ಹುಕ್ಕೇರಿಯ ಮೋಟಾರು ತುಂಬುತ್ತಿತ್ತು. ಕೆಂಪವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

“ಏರs, ಏನ್ ಕಂಬದಂಗ ನಿಂತಿ! ಬಿ.ಎ.ದಾಗ ಮೋಟಾರ ಏರೂದು ಕಲಿಸಲಿಲ್ಲೇನ?”

ಒಳಗಿದ್ದವರು ನಕ್ಕರು. ಸಾವಿತ್ರವ್ವ ಕೆಂಪವ್ವನ ಸೆರಗು ಹಿಡಿದಳು. ಇಷ್ಟು ಜನರ ಮುಂದೆ ಸಾವಿತ್ರವ್ವನ ದನಿ ಎಂದೂ ಹೊರಬಿದ್ದಿರಲಿಲ್ಲ.

“ಕಾಕೂ, ಆ ಪುಟ ಪುಸ್ತಕದಾಗ ಇಲ್ರಿ. ಅವರಿಬ್ರೂ ಮತ್ತ ಕೂಡಿದ್ರೊ ಇಲ್ಲೊ ನನಗ ಗೊತ್ತಿಲ್ರಿ. ಕೂಡಬೇಕಂತ ಆಸೆ ಆಗಿ ನಾನs ಕಟ್ಟಿ ಹೇಳಿದೆ.”