ರಮಜಾನಬಿಯ ಹತ್ತು ನಿಮಿಷ

ಬಿಸಿಲಿಗೆ ಹರವಿದ ಹಳೆಯ ಕೌದಿಯ ವಾಸನೆ ನನಗೆ ಇವತ್ತಿಗೂ ನೆನಪಿದೆ. ಪದರ ಪದರವಾಗಿ ಸೇರಿಸಿ ಹೊಲಿದ ಸವೆದ ಸೀರೆಗಳು, ಒಣಗಿದ ಬೇವಿನ ಎಲೆ, ಕಬ್ಬಿಣದ ಟ್ರಂಕಿನ ತುಕ್ಕು, ಎಲ್ಲ ಬೆರೆತ ವಾಸನೆ ಅದು. ಅಮ್ಮ ಮಾಳಿಗೆಯ ಮೇಲೆ ಕೌದಿ ಹಾಕಿದ ದಿನ ನಾನು ಅದರಡಿ ಸೇರಿಕೊಂಡು ಬೈಸಿಕೊಳ್ಳುತ್ತಿದ್ದೆ. ಅರವತ್ತು ವರ್ಷಗಳ ನಂತರ ಝಳಕಿಯಲ್ಲಿ ರಮಜಾನಬಿಯ ಮನೆಯ ಹೊಸ್ತಿಲು ದಾಟಿದಾಗ ಅದೇ ವಾಸನೆ ಎದುರಿಗೆ ಬಂತು. ಒಂದು ಕೌದಿ ಕೊಳ್ಳಲು ಹೋದವಳು ಮೂರು ವಾರ ಆ ಅಂಗಳದಲ್ಲೇ ಕೂತೆ.

ರಮಜಾನಬಿ ನನಗಿಂತ ಎರಡು ವರ್ಷ ದೊಡ್ಡವಳು. ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಾಳೆ. ಹೊಲಿದದ್ದನ್ನೆಲ್ಲ ಸಿಂದಗಿಯ ವ್ಯಾಪಾರಿ ಶ್ರೀಶೈಲಪ್ಪ ಒಯ್ದು, ಮೂಲೆಗೆ ತನ್ನ ಅಂಗಡಿಯ ಚೀಟಿ ಹಚ್ಚಿ, ದೊಡ್ಡ ಊರುಗಳಿಗೆ ಕಳಿಸುತ್ತಿದ್ದ. ಒಂದು ದಿನ ಮೊಮ್ಮಗಳ ಮೊಬೈಲಿನಲ್ಲಿ ರಮಜಾನಬಿ ತನ್ನದೇ ಕೌದಿಯನ್ನು ಕಂಡಳು. ಕೆಳಗೆ, ಇದು ನಮ್ಮ ಅಂಗಡಿಯ ಸ್ವಂತ ವಿನ್ಯಾಸ ಎಂದು ಬರೆದಿತ್ತು. ಅವತ್ತಿನಿಂದ ಅವಳು ಅವನಿಗೆ ಒಂದು ಕೌದಿಯನ್ನೂ ಕೊಡಲಿಲ್ಲ.

ಅಷ್ಟರಲ್ಲಿ ಸಿಂದಗಿಯಲ್ಲಿ ಕೈಕಸುಬಿನ ಪ್ರದರ್ಶನ ನಡೆಯುವ ಸುದ್ದಿ ಬಂತು. ಸ್ವಂತ ಕೈಯಿಂದ ಮಾಡುವವರಿಗೆ ಮಾತ್ರ ಮಳಿಗೆ. ಮೊದಲ ಹೊಲಿಗೆಯಿಂದ ಕೊನೆಯ ಗಂಟಿನವರೆಗೆ ತೋರಿಸುವ ಹತ್ತು ನಿಮಿಷದ ವಿಡಿಯೊವನ್ನು ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು. ನಾನು ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಿವೃತ್ತಿಯ ಮೇಲೆ ಮಕ್ಕಳಿಗಾಗಿ ಸಣ್ಣಪುಟ್ಟ ಪ್ರಯೋಗಗಳ ವಿಡಿಯೊ ಮಾಡುವ ಹುಚ್ಚು ಹಿಡಿದಿದೆ. ನಾನೇ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ತಂಗಿಯ ಮಗನ ಒಳ್ಳೆಯ ಕ್ಯಾಮೆರಾ ತಂದು ಅವಳ ಬೆರಳುಗಳನ್ನೇ ಹಿಂಬಾಲಿಸಿದೆ. ನಾನು ನೆಲದ ಮೇಲೆ ಕೂತಾಗಲೆಲ್ಲ ಅವಳು ಕೇಳದೆಯೇ ನನ್ನ ಮೊಣಕಾಲಡಿ ಒಂದು ಮಡಿಸಿದ ಬಟ್ಟೆ ತುರುಕುತ್ತಿದ್ದಳು.

ತೊಂದರೆ ಬಂದದ್ದು ಚಿತ್ರೀಕರಿಸಿದ್ದನ್ನು ಮನೆಗೆ ತಂದ ಮೇಲೆ. ನನ್ನ ಕಂಪ್ಯೂಟರು ನಿವೃತ್ತಿಯ ದಿನ ವಿದ್ಯಾರ್ಥಿಗಳು ಕೊಟ್ಟದ್ದು, ಹನ್ನೊಂದು ವರ್ಷ ಹಳೆಯದು. ಆ ದೊಡ್ಡ ಫೈಲುಗಳನ್ನು ತೆರೆದರೆ ರಮಜಾನಬಿಯ ಸೂಜಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಒಂದು ಕಡೆ ಕತ್ತರಿಸಿ ಜೋಡಿಸುವಷ್ಟರಲ್ಲಿ ನನ್ನ ಚಹಾ ಆರುತ್ತಿತ್ತು.

ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಖಂಡೆಪ್ಪ ನನ್ನ ವಿದ್ಯಾರ್ಥಿ. ನಾನು ಓದಿ ಗುರುತು ಮಾಡಿಕೊಂಡಿದ್ದ ಕಾಗದ ತೋರಿಸಿದೆ. ನನ್ನ ಮದರ್‌ಬೋರ್ಡಿನಲ್ಲಿ ಈಗಿರುವ ಐ-ತ್ರೀ ಪ್ರೊಸೆಸರ್ ತೆಗೆದು ಅದೇ ಜಾಗದಲ್ಲಿ ಮುಂದಿನ ಪೀಳಿಗೆಯ ಐ-ಸೆವೆನ್ ಕೂರಿಸಬಹುದು, ಹಳೆಯದೊಂದು ನಿನ್ನ ಹತ್ತಿರ ಇದ್ದರೆ ಕೊಡು ಎಂದೆ. ಅವನು ಕಾಗದ ನೋಡಲೇ ಇಲ್ಲ.

"ಅಕ್ಕೋರ, ಈ ಡಬ್ಬಾಕ್ಕ ಇನ್ನ ರೊಕ್ಕ ಹಾಕೂದು ಅಂದ್ರ ಹೊಳ್ಯಾಗ ಒಗದಂಗ. ಈ ವಯಸ್ಸಿನ್ಯಾಗ ಯಾಕ ಬೇಕ್ರಿ ನಿಮಗ?"

"ನೀ ಒಂಬತ್ತನೇ ಕ್ಲಾಸಿನ್ಯಾಗ ಎರಡ ವರ್ಷ ಕುಂತಿದ್ದಿ. ನಿನ್ನ ನಾ ಹೊಳ್ಯಾಗ ಒಗದನೇನು?"

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು, ಖಂಡೆಪ್ಪನೂ ನಕ್ಕ. ಯಾವುದೋ ಕಚೇರಿಯ ಮುರಿದ ಯಂತ್ರದಿಂದ ತೆಗೆದ ಐ-ಸೆವೆನ್ ಒಂದನ್ನು ಹುಡುಕಿ ಕೊಟ್ಟ. ಗ್ಯಾರಂಟಿ ಇಲ್ಲ, ತಾನು ಕೂರಿಸಿಯೂ ಕೊಡುವುದಿಲ್ಲ, ಸುಟ್ಟರೆ ತನ್ನ ಹೆಸರು ಹೇಳಬಾರದು ಎಂದ. ಆದರೆ ಅದನ್ನು ಸ್ಪಂಜಿನಲ್ಲಿ ಸುತ್ತಿ ಸಣ್ಣ ಡಬ್ಬಿಗೆ ಹಾಕುವಾಗ ಯಾವ ಮೂಲೆ ಯಾವ ಕಡೆ ಬರಬೇಕೆಂದು ಡಬ್ಬಿಯ ಮೇಲೆ ಪೆನ್ನಿನಿಂದ ಬಾಣ ಬರೆದ. ಶಾಖ ದಾಟಲೆಂದು ಪ್ರೊಸೆಸರ್ ಚಿಪ್ಪಿನ ಬೆನ್ನಿಗೆ ಹಚ್ಚುವ ಪೇಸ್ಟಿನ ಸಿರಿಂಜನ್ನೂ ಸುಮ್ಮನೆ ಒಳಗಿಟ್ಟ. ಹೊಸ ಚಿಪ್ಪನ್ನು ಮದರ್‌ಬೋರ್ಡು ಗುರುತಿಸಬೇಕಾದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಚಿಪ್ಪು ಬದಲಿಸಿ ಎಂದು ಎರಡು ಸಲ ಹೇಳಿದ.

ಬುಧವಾರ ಬೆಳಿಗ್ಗೆ ಹಾಗೆಯೇ ಮಾಡಿದೆ. ಚಿಪ್ಪನ್ನು ತಂಪಾಗಿಡುವ ಕೂಲರ್ ಬಿಚ್ಚಿ ಪಕ್ಕಕ್ಕಿಟ್ಟು, ಅದನ್ನು ಹಿಡಿದಿಟ್ಟಿದ್ದ ಸಣ್ಣ ಕಂಬಿ ಎತ್ತಿ ಹಳೆಯ ಚಿಪ್ಪು ತೆಗೆದೆ. ಹೊಸದನ್ನು ಬಾಣದ ಪ್ರಕಾರ ಇಟ್ಟೆ. ಒತ್ತಲಿಲ್ಲ, ತಾನಾಗಿಯೇ ಕೂತಿತು. ಕಾಳಿನಷ್ಟು ಪೇಸ್ಟ್ ಹಾಕಿದೆ. ಕೂಲರಿನ ಫ್ಯಾನಿನ ರೆಕ್ಕೆಗಳನ್ನು ಒರೆಸಿ ಮತ್ತೆ ಅದನ್ನು ಮೇಲೆ ಕೂರಿಸಿದೆ. ಗುಂಡಿ ಒತ್ತಿದರೆ ಪರದೆ ಬೆಳಗಿತು. ರಮಜಾನಬಿಯ ಸೂಜಿ ಎಲ್ಲೂ ನಿಲ್ಲದೆ ಓಡಿತು. ಸಂಜೆಯೊಳಗೆ ಹತ್ತು ನಿಮಿಷವನ್ನೂ ಜೋಡಿಸಿದೆ.

ಉಳಿದದ್ದು ಅದನ್ನೆಲ್ಲ ಒಂದೇ ಫೈಲು ಮಾಡುವ ಕೆಲಸ. ಅಲ್ಲಿ ಯಂತ್ರ ಕೈಕೊಟ್ಟಿತು. ನಾಲ್ಕು ನಿಮಿಷ ಓಡಿ ಪಟ್ಟನೆ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೆಯ ಸಲವೂ ಅಷ್ಟೇ. ಖಂಡೆಪ್ಪನಿಗೆ ಫೋನ್ ಮಾಡಿದರೆ, ತಾನು ಮೊದಲೇ ಹೇಳಿರಲಿಲ್ಲವೇ ಎಂದ.

ಗುರುವಾರ ಮಧ್ಯಾಹ್ನ ರಮಜಾನಬಿ ಬಸ್ಸು ಹಿಡಿದು ನನ್ನ ಮನೆಗೆ ಬಂದಳು. ಅವಳ ಹಿಂದೆಯೇ ಶ್ರೀಶೈಲಪ್ಪನೂ ಬಂದ. ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಬಹಳ ವಿನಯದಿಂದ ಕೂತು, ಟೀಚರ್ ಇಷ್ಟು ಕಷ್ಟ ಯಾಕೆ ಪಡಬೇಕು, ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರೆ ತನ್ನ ಹುಡುಗರು ಒಂದು ತಾಸಿನಲ್ಲಿ ಮುಗಿಸುತ್ತಾರೆ ಎಂದ. ಕೆಳಗೆ ತನ್ನ ಅಂಗಡಿಯ ಹೆಸರು ಬರುತ್ತದೆ, ಅಷ್ಟೇ.

ನಾನು ಬಾಯಿ ತೆರೆಯುವ ಮೊದಲೇ ರಮಜಾನಬಿ ಮಾತಾಡಿದಳು. "ದೂರದಿಂದ ಬಂದೀರಿ, ಚಾ ಕುಡದ ಹೋಗ್ರಿ. ಮಳಿಗಿ ಹೋದ್ರ ಹೋಗ್ಲಿ. ನನ್ನ ಕೈ ಮ್ಯಾಲ ನಿಮ್ಮ ಹೆಸರ ಬರ್ಯಾಕ ಕೊಡಂಗಿಲ್ಲ."

ಅವನು ಚಹಾ ಕುಡಿಯದೇ ಎದ್ದ. ಶುಕ್ರವಾರ ಐದು ಗಂಟೆಗೆ ಏನು ಕಳಿಸುತ್ತೀರೋ ನೋಡೋಣ ಎಂದು ಮೆಟ್ಟಿಲ ಮೇಲಿಂದ ಹೇಳಿ ಹೋದ.

ಗುರುವಾರ ಸಂಜೆ ಮನೆಯೆಲ್ಲ ಲೋಬಾನದ ಹೊಗೆ ಹಾಕುವುದು ನಮ್ಮಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಕೆಂಡದ ಧೂಪದಾನಿ ಹಿಡಿದು ಒಂದೊಂದೇ ಕೋಣೆ ಸುತ್ತಿದೆ. ಕಂಪ್ಯೂಟರಿನ ಮುಂದೆ ಯಾವತ್ತಿನಂತೆ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಮಕ್ಕಳು ಪ್ರೀತಿಯಿಂದ ಕೊಟ್ಟದ್ದು, ಅದಕ್ಕೆ ಯಾರ ದೃಷ್ಟಿಯೂ ತಾಗದಿರಲಿ ಎಂದು ಹನ್ನೊಂದು ವರ್ಷ ಹಾಗೆ ನಿಂತಿದ್ದೇನೆ. ಯಂತ್ರ ಚಾಲೂ ಇತ್ತು. ಹೊಗೆ ಮೇಲಕ್ಕೆ ಹೋಗಲಿಲ್ಲ. ತಿರುಗಿ, ಒಳಗಿನ ಫ್ಯಾನಿನ ಸೆಳೆತಕ್ಕೆ ಕಂಪ್ಯೂಟರ್ ಡಬ್ಬಿಯ ಪಕ್ಕದ ತೂತುಗಳೊಳಗೆ ದಾರದಂತೆ ನುಗ್ಗಿತು.

ಮೂವತ್ತು ವರ್ಷ ಮಕ್ಕಳಿಗೆ ಶಾಖ ಹೇಗೆ ಹರಿಯುತ್ತದೆಂದು ಕಲಿಸಿದ ನಾನು ಧೂಪದಾನಿ ಹಿಡಿದುಕೊಂಡೇ ನಿಂತುಬಿಟ್ಟೆ. ಹನ್ನೊಂದು ವರ್ಷ ಈ ಹೊಗೆ ಒಳಗೆ ಹೋಗಿತ್ತು, ವಾರಕ್ಕೊಂದು ಸಲ, ನನ್ನದೇ ಕೈಯಿಂದ.

ರಮಜಾನಬಿ ಆ ರಾತ್ರಿ ನನ್ನಲ್ಲೇ ಉಳಿದಿದ್ದಳು. ಬೆಳಗಾಗುತ್ತಲೇ ಕೂಲರ್ ಬಿಚ್ಚಿ ಫ್ಯಾನನ್ನೂ ತೆಗೆದೆ. ಬುಧವಾರ ರೆಕ್ಕೆ ಒರೆಸಿದ್ದೆನೇ ಹೊರತು ಕೆಳಗೆ ನೋಡಿರಲಿಲ್ಲ. ಅಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಮತ್ತು ಲೋಬಾನದ ಅಂಟು ಸೇರಿ ಕಂಬಳಿಯಂತೆ ಗಟ್ಟಿಯಾಗಿತ್ತು. ಹಳೆಯ ಚಿಪ್ಪಿನ ಅಲ್ಪ ಶಾಖ ಹೇಗೋ ದಾಟುತ್ತಿತ್ತು. ಹೊಸದು ಜೋರಾಗಿ ದುಡಿದಾಗ ಬಿಸಿ ಹೊರಹೋಗದೆ, ಯಂತ್ರ ತಾನು ಸುಡುವ ಮೊದಲೇ ಆರುತ್ತಿತ್ತು. ಅದರ ತಪ್ಪು ಏನೂ ಇರಲಿಲ್ಲ.

ನನ್ನ ಬ್ರಷ್ಷಿಗೆ ಅದು ಜಗ್ಗಲಿಲ್ಲ. ರಮಜಾನಬಿ ಕೂಲರನ್ನು ನನ್ನ ಕೈಯಿಂದ ತೆಗೆದುಕೊಂಡಳು, ಬಾಗಿಲ ಬೆಳಕಿಗೆ ಕೂತಳು, ರವಿಕೆಗೆ ಚುಚ್ಚಿಕೊಂಡಿದ್ದ ಕೌದಿಯ ಸೂಜಿ ತೆಗೆದಳು. ಒಂದೊಂದು ಸಂದಿನಿಂದ ಎಳೆ ಎಳೆಯಾಗಿ ಹೊರಗೆಳೆದಳು. ಒಂದು ಪಟ್ಟಿಯೂ ಬಾಗಲಿಲ್ಲ. ಮುಗಿಯುವ ಹೊತ್ತಿಗೆ ಹನ್ನೆರಡೂವರೆ.

ಉಳಿದ ಪೇಸ್ಟ್ ಹಚ್ಚಿ ಮತ್ತೆ ಜೋಡಿಸಿದೆ. ಫೈಲು ಮಾಡಲು ಹಚ್ಚಿ ಇಬ್ಬರೂ ಎದುರಿಗೆ ಕೂತೆವು. ಅಷ್ಟರಲ್ಲಿ ಖಂಡೆಪ್ಪ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಬಂದ. ಸಿರಿಂಜು ವಾಪಸು ಬೇಕಿತ್ತು ಎಂದ. ಆದರೆ ಸಿರಿಂಜು ಕೇಳದೆ ಕಂಪ್ಯೂಟರಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಫ್ಯಾನಿನ ಸದ್ದಿಗೆ ಕಿವಿಗೊಟ್ಟ. ನಾಲ್ಕು ನಿಮಿಷ ದಾಟಿತು. ಹತ್ತು ದಾಟಿತು. ಇಪ್ಪತ್ತೆಂಟನೆಯ ನಿಮಿಷಕ್ಕೆ ಕೆಲಸ ಮುಗಿಯಿತು.

ಕೊನೆಯ ದೃಶ್ಯದಲ್ಲಿ ಅವಳ ಕೈ ಗಂಟು ಹಾಕಿ ದಾರ ಕತ್ತರಿಸುತ್ತದೆ. ಕೆಳಗೆ ಒಂದೇ ಸಾಲು: ಹೊಲಿದವರು ರಮಜಾನಬಿ, ಝಳಕಿ. ಅದನ್ನು ಹಾಗೆಯೇ ಕಳಿಸಿದೆ.

ಮೂರು ಗಂಟೆಗೆ, ಖಂಡೆಪ್ಪ ಇನ್ನೂ ಅಲ್ಲೇ ಕೂತಿರುವಾಗ, ಪ್ರದರ್ಶನದವರ ಫೋನು ಬಂತು. ವಿಡಿಯೊ ಪೂರ್ತಿ ನೋಡಿದೆವು, ಮಳಿಗೆ ಕೊಟ್ಟಿದ್ದೇವೆ, ಯಾರ ಹೆಸರಿಗೆ ಬರೆಯಬೇಕು ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ನಾನು ಫೋನನ್ನು ರಮಜಾನಬಿಯ ಕೈಗೆ ಕೊಟ್ಟೆ.

"ರಮಜಾನಬಿ," ಎಂದಳು. ಆ ಕಡೆ ಮತ್ತೇನೋ ಕೇಳಿದರು. "ಅಂಗಡಿ ಹೆಸರ ಇಲ್ರಿ. ಬರೇ ರಮಜಾನಬಿ ಅಂತ ಬರೀರಿ."

ಬೆಳಗಿನಿಂದ ಒಲೆ ಹಚ್ಚಿಲ್ಲವೆಂಬುದು ಫೋನ್ ಇಟ್ಟ ಮೇಲೆ ನನಗೆ ಹೊಳೆಯಿತು. ಖಂಡೆಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಹೊರಗೆ ಹೋಗಿ ಮೋಟಾರ್ ಸೈಕಲ್ಲಿಗೆ ತೂಗುಹಾಕಿದ್ದ ತನ್ನ ಬುತ್ತಿ ತಂದ. ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಗಂಟು ಬಿಚ್ಚಿ ರಮಜಾನಬಿಯ ಮುಂದಿಟ್ಟು, ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟ.