ದಿಣ್ಣೆಯ ಮೇಲಿನ ಗೇಟು

ಆ ಕಾರನ್ನು ದಿಣ್ಣೆ ಹತ್ತಿಸಿದಾಗಲೆಲ್ಲ ಮೇಲಿನ ಮನೆಯ ಗೇಟು ತೆರೆದಿರುತ್ತಿತ್ತು. ಜೋಡಿ ಬಾಗಿಲಿನ ಕಬ್ಬಿಣದ ಗೇಟು. ಎರಡೂ ಬಾಗಿಲುಗಳು ಕಾಂಪೌಂಡಿನ ಗೋಡೆಗೆ ತಾಗುವಷ್ಟು ಅಗಲವಾಗಿ, ಯಾರೋ ಬರುವವರಿದ್ದಾರೆ ಎನ್ನುವ ಹಾಗೆ ತೆರೆದುಕೊಂಡಿರುತ್ತಿದ್ದವು. ಹತ್ತಿರದಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ. ಅದೇ ನಾನು ನಡೆದುಕೊಂಡು ಹೋದರೆ, ಅಥವಾ ಬೇರೆ ಯಾರದೋ ಕಾರಿನಲ್ಲಿ ಹೋದರೆ, ಅದೇ ಗೇಟು ತುಕ್ಕು ಹಿಡಿದ ಅಗುಳಿ ಹಾಕಿಕೊಂಡು, ಈ ಜನ್ಮದಲ್ಲಿ ತೆರೆದೇ ಇಲ್ಲವೆಂಬಂತೆ ನಿಂತಿರುತ್ತಿತ್ತು. ಮೊದಮೊದಲು ನಾನು ಗಮನಿಸಲಿಲ್ಲ. ಗಮನಿಸಿದ ಮೇಲೆ ಆ ದಿಣ್ಣೆಗೆ ಹೋಗುವುದೆಂದರೆ ಮೈ ಜುಮ್ಮೆನ್ನತೊಡಗಿತು.

ನಾನು ದೆವ್ವ ಭೂತ ನಂಬುವವನಲ್ಲ. ನಂಬುವವನಾದರೆ ಹಳೆಯ ಇಂಗ್ಲಿಷ್ ಕಾರುಗಳ ಗ್ಯಾರೇಜು ಇಟ್ಟುಕೊಂಡು ಬದುಕಲು ಸಾಧ್ಯವೇ? ದೀಪದ ಸ್ವಿಚ್ ಒತ್ತಿದರೆ ವೈಪರ್ ಆಡುವುದು, ಯಾರೂ ಮುಟ್ಟದೆ ಹಾರನ್ ಕೂಗುವುದು, ಮೋಡ ಕವಿದರೆ ಸಾಕು ಸ್ಟಾರ್ಟ್ ಆಗುವುದಿಲ್ಲವೆಂದು ಮುನಿಸಿಕೊಳ್ಳುವುದು, ಇವೆಲ್ಲ ನನಗೆ ದಿನನಿತ್ಯದ ಸಂಸಾರ. ಅದರಲ್ಲೂ ಆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಸ್ಪೋರ್ಟ್ಸ್ ಕಾರುಗಳಿವೆಯಲ್ಲ, ಅವುಗಳಷ್ಟು ಅಂದವಾದ, ಅವುಗಳಷ್ಟು ಹಟಮಾರಿ ಜಾತಿ ಇನ್ನೊಂದಿಲ್ಲ. ಅವುಗಳ ಅಡಿಯಲ್ಲಿ ಮಲಗಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಗೇಟು ತೆರೆಸುತ್ತಿದ್ದ ಆ ಹಸಿರು ಕಾರು ಹಲ್ಲಿನ ಡಾಕ್ಟರ್ ಜಯತೀರ್ಥ ಅವರದು. ಎಲ್ಲೋ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರನ್ನು ಅವರು ಮೋಹಕ್ಕೆ ಬಿದ್ದು ಕೊಂಡು ತಂದು ನನ್ನ ತಲೆಗೆ ಕಟ್ಟಿದ್ದರು. ಇಂಜಿನ್ನಿಗೆ ಜೀವ ಬಂತು, ಬ್ರೇಕು ಹಿಡಿಯಿತು, ಆದರೆ ಗೇರ್‌ಬಾಕ್ಸೇ ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಬುಡನ್ ಸಾಬರ ಗುಜರಿ ಅಂಗಡಿಯಲ್ಲಿ, ಒಣಗಿದ ಕೆಸರು ಮೆತ್ತಿಕೊಂಡು ಕಲ್ಲಿನಂತೆ ಬಿದ್ದಿತ್ತು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ನಮ್ಮ ಕಸುಬಿನಲ್ಲಿ ಗುಜರಿ ಸಾಮಾನಿನ ಕುಲಗೋತ್ರ ವಿಚಾರಿಸುವ ಪದ್ಧತಿಯಿಲ್ಲ.

ಬಿಚ್ಚಿ ನೋಡಿದರೆ ಒಳಗೆ ಎಣ್ಣೆ ಉಳಿದುಕೊಂಡಿದ್ದರಿಂದ ಗೇರುಗಳು ಬಹುಮಟ್ಟಿಗೆ ಬದುಕಿದ್ದವು. ಆದರೆ ಅದು ರಿವರ್ಸ್ ಗೇರಿನಲ್ಲಿ ಕಚ್ಚಿಕೊಂಡು ಕೂತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ಬೆಂಕಿ ತೋರಿಸಿದೆ, ಮರದ ಸುತ್ತಿಗೆಯಲ್ಲಿ ತಟ್ಟಿದೆ, ನನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಖಾಲಿ ಮಾಡಿದೆ. "ನಿನ್ನ ಯಜಮಾನ ಹಿಂದಕ್ಕೇ ಹೋಗ್ತೀನಿ ಅಂತ ಹಟ ಹಿಡಿದಿದ್ನೇನೋ?" ಎಂದು ಅದನ್ನೇ ಕೇಳಿದ್ದೂ ಉಂಟು. ಅಂತೂ ಅದು ಬಿಟ್ಟುಕೊಟ್ಟಿತು. ಫಸ್ಟ್ ಗೇರಿನ ಒಂದು ಹಲ್ಲಿನ ಮೂಲೆ ಹಾರಿಹೋಗಿತ್ತು. ಬದಲಿ ಸಿಗುವವರೆಗೆ ಇರಲೆಂದು ಅರದಿಂದ ಉಜ್ಜಿ ಜೋಡಿಸಿಬಿಟ್ಟೆ.

ಸಮತಟ್ಟಿನ ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ದಿಣ್ಣೆಯಂಥ ಕಡಿದಾದ ಕಡೆ ಫಸ್ಟ್ ಗೇರಿಗೆ ಹಾಕಿದರೆ ಮಾತ್ರ ಟಕ್, ಟಕ್, ಟಕ್ ಎಂದು ಬಡಿಯುತ್ತಿತ್ತು.

"ಏನ್ರೀ ಇದು, ಒಳಗೆ ಬಡಗಿ ಕೂತು ಮೊಳೆ ಹೊಡೀತಿದಾನಾ?" ಎಂದು ಡಾಕ್ಟರು ರೇಗಿದರು.

"ಹಲ್ಲು ಸ್ವಲ್ಪ ಮುರಿದಿದೆ ಡಾಕ್ಟ್ರೇ. ನಿಮ್ಮ ಕುರ್ಚೀಲಿ ಕೂರಿಸೋಕಾಗಲ್ವಲ್ಲ, ಕಾಯಬೇಕು."

"ಊರವರ ಹಲ್ಲೆಲ್ಲ ಸರಿಮಾಡೋನು ನಾನು, ನನ್ನ ಕಾರಿಗೇ ಹುಳುಕು ಹಲ್ಲು! ಮಾನ ಹೋಗುತ್ತೆ ಮಾರಾಯ," ಎಂದವರು ಅಂದೇ ಇಂಗ್ಲೆಂಡಿಗೆ ಬರೆದು ಹೊಸ ಗೇರು ತರಿಸಲು ಏರ್ಪಾಡು ಮಾಡಿದರು. ಅದು ಬರುವವರೆಗೆ ಆಗಾಗ ಕಾರನ್ನು ದಿಣ್ಣೆ ಹತ್ತಿಸಿ ಪರೀಕ್ಷಿಸುವುದು ನನ್ನ ಕೆಲಸವಾಯಿತು. ಆಗಲೇ ಈ ಗೇಟಿನ ಕಾಟ ಶುರುವಾದದ್ದು.

ಒಂದು ಸಂಜೆ ನನಗೆ ಹೆದರಿಕೆಗಿಂತ ಸಿಟ್ಟು ಜಾಸ್ತಿಯಾಯಿತು. ಇವತ್ತು ಇತ್ಯರ್ಥವಾಗಿಬಿಡಲಿ ಎಂದುಕೊಂಡು ತೆರೆದ ಗೇಟಿನ ಎದುರಿಗೇ ಕಾರು ನಿಲ್ಲಿಸಿ, ಇಂಜಿನ್ ಆರಿಸಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಗೇಟಿನ ಕಂಬದ ಹಿಂದಿನಿಂದ ಒಬ್ಬ ಹೆಂಗಸು ಹೊರಗೆ ಬಂದರು. ತಲೆ ಪೂರ್ತಿ ನರೆತಿತ್ತು, ಹಣೆಯಲ್ಲಿ ಕಾಸಗಲ ಕುಂಕುಮ. ಊರವರ ಬಾಯಲ್ಲಿ ಕೇಳಿದ್ದ ಚೆಲುವಾಜಮ್ಮಣ್ಣಿ ಎಂದರೆ ಇವರೇ ಎಂದು ನೋಡಿದ ಕೂಡಲೇ ತಿಳಿಯಿತು. ನಾನು ಆ ಊರಿಗೆ ಬರುವುದಕ್ಕೆ ಎಷ್ಟೋ ಮುಂಚೆ ಅವರ ಗಂಡ ನಂಜರಾಜೇ ಅರಸರು ಕಾರು ಹತ್ತಿ ಹೋದವರು ಮತ್ತೆ ಬಂದಿರಲಿಲ್ಲ. ಅದೇ ವಾರ ಊರಿನಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಹೆಂಗಸೂ ಮನೆ ಖಾಲಿ ಮಾಡಿದ್ದಳಂತೆ. ಊರವರಿಗೆ ಅಷ್ಟು ಸಾಕಾಗಿತ್ತು. ಅರಸರು ಅವಳ ಜೊತೆ ಓಡಿಹೋದರು ಎನ್ನುವುದನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಈಯಮ್ಮನ ಕುಂಕುಮ ನೋಡಿ ಹಿಂದಿನಿಂದ ನಗುವವರೂ ಇದ್ದರು.

ಅವರು ನನ್ನ ಮುಖ ನೋಡಿದರು. ಬೇರೆ ಯಾರನ್ನೋ ನಿರೀಕ್ಷಿಸಿದ್ದವರ ಮುಖ ಹೇಗೆ ಬಾಡುತ್ತದೋ ಹಾಗೆ ಬಾಡಿತು.

"ನಮ್ಮ ಗಾಡಿ ನಿಮ್ಮ ಕೈಗೆ ಹೇಗೆ ಬಂತು ಮೇಸ್ತ್ರಿ?"

"ಇದು ನಿಮ್ಮ ಗಾಡಿ ಅಲ್ಲ ತಾಯಿ. ಹಲ್ಲಿನ ಡಾಕ್ಟ್ರದು. ಬೇಕಾದ್ರೆ ನಂಬರ್ ನೋಡಿ."

"ನಂಬರ್ ಯಾರು ಕೇಳಿದ್ರು? ಬಣ್ಣಾನೂ ನಮ್ಮದಲ್ಲ, ನಮ್ಮದು ಕೆಂಪು. ಆದ್ರೆ ಆ ಟಕ್ ಟಕ್ ನಮ್ಮದು. ಆ ಹಲ್ಲು ಮುರಿದೋಳು ನಾನೇ."

ಹಲ್ಲು ಮುರಿದ ವಿಷಯ ನನಗೂ ಡಾಕ್ಟರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ನಮ್ಮವರು ನನಗೆ ಗಾಡಿ ಬಿಡೋದು ಕಲಿಸ್ತಿದ್ರು," ಎಂದರು ಅಮ್ಮಣ್ಣಿ. "ಇನ್ನೂ ಉರುಳ್ತಾ ಇರೋವಾಗ್ಲೇ ಫಸ್ಟಿಗೆ ತಳ್ಳಿಬಿಟ್ಟೆ. ಕರಕ್ ಅಂತು. ಬೈತಾರೆ ಅಂದ್ಕೊಂಡ್ರೆ ಹೊಟ್ಟೆ ಹಿಡ್ಕೊಂಡು ನಕ್ರು. ಸರಿಮಾಡಿಸಿ ಅಂದ್ರೆ ಕೇಳ್ಲಿಲ್ಲ. 'ಇರಲಿ ಬಿಡು, ನಾನು ಬರ್ತಿರೋದು ದಿಣ್ಣೆ ಬುಡದಲ್ಲೇ ನಿನಗೆ ಗೊತ್ತಾಗುತ್ತೆ, ಗೇಟ್ ತೆಗೆದಿರ್ತೀಯ' ಅಂದ್ರು. ದಿನಾ ಸಂಜೆ ತೆಗೀತಿದ್ದೆ. ಈಗ ಮತ್ತೆ ಆ ಸದ್ದು ಕೇಳಿದ್ರೆ ಕಾಲು ತಾನಾಗೇ ಓಡುತ್ತೆ. ಗಾಡಿ ಮುಂದೆ ಹೋಗಿಬಿಟ್ಟಾಗ, ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡು ಗೇಟ್ ಹಾಕ್ತೀನಿ."

ಗೇರ್‌ಬಾಕ್ಸು ಗುಜರಿಯಲ್ಲಿ ಸಿಕ್ಕಿತೆಂದು ನಾನು ಹೇಳಲೇಬೇಕಾಯಿತು. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

"ಊರು ಸಾವಿರ ಹೇಳುತ್ತೆ. ನನಗೆ ಒಂದೇ ಒಂದು ಗೊತ್ತಾಗಬೇಕು. ಅವರು ನನ್ನ ಬಿಟ್ಟು ಹೋದ್ರಾ, ಇಲ್ವಾ? ಅಷ್ಟು ವಿಚಾರಿಸಿ ಕೊಡ್ತೀರಾ?"

ಒಪ್ಪಿಕೊಂಡು, ಮರುದಿನ ಬುಡನ್ ಸಾಬರ ಅಂಗಡಿಗೆ ಹೋಗಿ ಆ ಗೇರ್‌ಬಾಕ್ಸು ಎಲ್ಲಿಂದ ಬಂತೆಂದು ಕೇಳಿದೆ.

ಬುಡನ್ ಸಾಬರು ಮೊದಲು ತಲೆ ಕೆರೆದುಕೊಂಡರು. ಚಹಾ ತರಿಸಿದರು. ಮಗಳ ಮದುವೆಯ ಮಾತು ತೆಗೆದರು. ನಾನು ಜಗ್ಗದೆ ಕೂತಿರುವುದು ನೋಡಿ ದನಿ ತಗ್ಗಿಸಿದರು.

"ದೊಡ್ಡಕೆರೆ ಹೂಳು ತೆಗೀವಾಗ ಸಿಕ್ಕಿದ್ದು ಅಣ್ಣಾ. ಪೊಲೀಸು ಗಿಲೀಸು ಅಂತ ಕೆಲಸ ನಿಂತೋಗುತ್ತೆ ಅಂತ ಕಂಟ್ರಾಕ್ಟರು ಬಾಯಿ ಮುಚ್ಕೊಂಡು ನನಗೆ ತೂಕಕ್ಕೆ ಹಾಕಿಬಿಟ್ಟ. ಬಾಡಿ ಎಲ್ಲಾ ಮುಟ್ಟಿದ್ರೆ ಪುಡಿಪುಡಿ. ಈ ಗೇರ್‌ಬಾಕ್ಸ್ ಒಂದೇ ಗಟ್ಟಿ ಇತ್ತು."

"ಒಳಗೆ ಯಾರಾದ್ರೂ…?"

"ಅಲ್ಲಾನ ಆಣೆ, ಹೂಳು ಬಿಟ್ರೆ ಏನೂ ಇರ್ಲಿಲ್ಲ. ಮೇಲೆ ಮುಚ್ಚಿಗೆ ಇಲ್ದಿರೋ ಗಾಡಿ. ನೀರು ಯಾರನ್ನ ಎಲ್ಲಿಗೆ ಕರ್ಕೊಂಡು ಹೋಯ್ತೋ."

"ಕೆರೇಲಿ ಯಾವ ಕಡೆ ಸಿಕ್ತು?"

"ತೂಬಿನ ಆಚೆ, ಏರಿ ಪಕ್ಕದಲ್ಲೇ. ಬಾಲ ಹೂಳಲ್ಲಿ, ಮೂತಿ ಮೇಲೆ, ರಸ್ತೆ ಕಡೆ ನೋಡ್ಕೊಂಡು ಕೂತಿತ್ತು."

ಊರಿನಿಂದ ಹೊರಗೆ ಹೋಗುವ ದಾರಿ ಆ ಕೆರೆಯ ಏರಿಯ ಮೇಲೇ ಹೋಗುತ್ತದೆ. ನಾನು ಅಂಗಡಿಯಿಂದ ನೇರ ಅಲ್ಲಿಗೆ ನಡೆದೆ. ತೂಬಿನ ಆಚೆ ಏರಿ ಎಷ್ಟು ಕಿರಿದೆಂದರೆ ಎದುರಿಗೊಂದು ಎತ್ತಿನ ಗಾಡಿ ಬಂದರೆ ಸರಿಯಲು ಜಾಗವಿಲ್ಲ. ಇಲ್ಲಿ ಕಾರು ತಿರುಗಿಸುವುದು ಹುಚ್ಚುತನ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಮುಂದೆ ಅಂತ ಒದ್ದಾಡಬೇಕು ಎಂದು ಸುಮ್ಮನೆ ಕಸುಬಿನವನ ಲೆಕ್ಕದಲ್ಲಿ ಯೋಚಿಸಿದೆ. ಆಗ ನೆನಪಾಯಿತು. ಬೆಂಕಿ ತೋರಿಸಿದ್ದು, ಸುತ್ತಿಗೆ ಹಿಡಿದದ್ದು, ಬೈದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಊರು ಬಿಟ್ಟು ಹೋಗುವವನಿಗೆ ಈ ಏರಿಯ ಮೇಲೆ ರಿವರ್ಸ್ ಗೇರಿನಿಂದ ಏನು ಕೆಲಸ? ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಎಂದೂ ನೋಡದ ಮನುಷ್ಯನಿಗಾಗಿ ನನಗೆ ಅಳು ಬಂತು. ಅವನ ಕೊನೆಯ ಗಳಿಗೆಯ ಮನಸ್ಸು ಆ ಕಬ್ಬಿಣದಲ್ಲಿ ಕಚ್ಚಿಕೊಂಡಿತ್ತು. ಅದನ್ನು ನಾನು ಸುತ್ತಿಗೆಯಿಂದ ಬಡಿದು ಬಿಡಿಸಿದ್ದೆ.

ಮರುದಿನ ಬೆಳಿಗ್ಗೆ ಅಮ್ಮಣ್ಣಿಯವರ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಕೆರೆಯ ಮಾತು ಬಂದಾಗ ಅವರು ಕಣ್ಣು ಮುಚ್ಚಿದರು, ಅಳಲಿಲ್ಲ. ಅದನ್ನು ಎಂದೋ ಊಹಿಸಿಕೊಂಡಿದ್ದವರಂತೆ ತಲೆಯಾಡಿಸಿದರು.

"ಊರಿಗೆ ಬೆನ್ನು ಹಾಕಿ ಹೋಗ್ತಾ ಬಿದ್ರು ಅನ್ನಿ."

"ಇಲ್ಲ ತಾಯಿ. ಗಾಡಿ ರಿವರ್ಸ್‌ನಲ್ಲಿತ್ತು. ನಾನೇ ಕೈಯಾರೆ ಬಿಡಿಸಿದ್ದು. ಮುಂದೆ ಹೋಗೋರು ಅಲ್ಲಿ ರಿವರ್ಸ್ ಹಾಕಲ್ಲ. ತಿರುಗಿಸ್ತಾ ಇದ್ರು. ಮನೆಗೆ ಬರೋಕೆ ತಿರುಗಿಸ್ತಾ ಇದ್ರು."

ಅವರ ಮುಖದಲ್ಲಿ ಆಗ ಕಂಡದ್ದನ್ನು ಹೇಗೆ ಹೇಳಲಿ? ಒಂದು ಕ್ಷಣ ಹೊಸ ಮದುವಣಗಿತ್ತಿಯಂತೆ ಅರಳಿದರು. "ನೋಡಿದ್ರಾ, ನೋಡಿದ್ರಾ," ಎಂದು ಯಾರಿಗೋ ಹೇಳಿದರು, ಬಹುಶಃ ಇಡೀ ಊರಿಗೆ. ನಾನು ಒಳ್ಳೆಯ ಸುದ್ದಿ ತಂದೆನೆಂದು ಹಿಗ್ಗಿದೆ. ಅಷ್ಟರಲ್ಲಿ ಅವರ ಕಣ್ಣು ಗೇಟಿನ ಕಡೆ ಹೊರಳಿತು, ಅಲ್ಲೇ ನಿಂತಿತು.

"ಬಂದಿದ್ರೂ ಗೇಟ್ ಹಾಕಿತ್ತಲ್ಲಪ್ಪಾ," ಎಂದರು.

ನನಗೆ ಅರ್ಥವಾಗಲಿಲ್ಲ.

"ಆ ಹಾಡಿನೋಳ ವಿಷಯಕ್ಕೆ ಜಗಳ ಆಗಿತ್ತು. ಅವರೇನು ಮಾಡಿದ್ರೋ ಇಲ್ವೋ, ನನ್ನ ಕಿವಿಗೆ ಜನ ತುಂಬಿದ್ರು, ನಾನು ಕೂಗಾಡ್ದೆ. ಸಿಟ್ಟು ಬಂದು ಗಾಡಿ ತಗೊಂಡು ಹೊರಟ್ರು. ನಾನೇ ಹಿಂದೆ ಹೋಗಿ ಗೇಟ್ ಹಾಕಿ, ಅಗುಳಿ ಜಡಿದೆ. ಇನ್ನು ಈ ಗೇಟು ನಿಮಗೆ ತೆಗೆಯಲ್ಲ ಅಂದೆ. ಕೇಳಿಸ್ಕೊಂಡೇ ಹೋದ್ರು. ಆಮೇಲೆ ಎಷ್ಟು ಸಂಜೆ ಕಿವಿ ಕೊಟ್ಟು ಕೂತೆ ಗೊತ್ತಾ? ಸದ್ದು ಕೇಳಿದ್ರೆ ಓಡಿಹೋಗಿ ತೆಗೀಬೇಕು ಅಂತ. ಸದ್ದೇ ಬರ್ಲಿಲ್ಲ." ಸೆರಗಿನಿಂದ ಬಾಯಿ ಒತ್ತಿ ಹಿಡಿದರು. "ಗೇಟ್ ಹಾಕಿದೆ ಅಂತ ಗೊತ್ತಿದ್ದೂ ತಿರುಗಿದ್ರಲ್ಲ ಮೇಸ್ತ್ರಿ. ಗೊತ್ತಿದ್ದೂ ತಿರುಗಿದ್ರಲ್ಲ."

ಆಗ ಅಳು ಬಂತು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ. ತಂದ ಸುದ್ದಿ ವರವೋ ಶಾಪವೋ ಎಂದು ತಿಳಿಯದೆ ಕೈ ಕಟ್ಟಿಕೊಂಡು ಕೂತಿದ್ದೆ.

ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಕೇಳಿದರು. "ಆ ಹಲ್ಲು ಬದಲಾಯಿಸ್ತಾರಾ ಡಾಕ್ಟ್ರು?"

"ಪಾರ್ಸೆಲ್ ಬಂದಿದೆ. ನಾಳೆ ಬಿಚ್ಚಬೇಕು."

"ಆಮೇಲೆ ಸದ್ದು ಬರಲ್ಲ."

"ಬರಲ್ಲ ತಾಯಿ."

"ಹಾಗಾದ್ರೆ ಇವತ್ತು ಸಂಜೆ ಒಂದ್ಸಲ ಮನೆ ಒಳಕ್ಕೆ ತನ್ನಿ. ಗೇಟಿನ ಹತ್ರ ನಿಲ್ಲಿಸಬೇಡಿ. ಒಳಕ್ಕೆ ತನ್ನಿ."

ಸಂಜೆ ದಿಣ್ಣೆಯ ಬುಡದಲ್ಲಿ ಕಾರು ನಿಲ್ಲಿಸಿ ಫಸ್ಟ್ ಗೇರಿಗೆ ಹಾಕಿದೆ. ಟಕ್, ಟಕ್, ಟಕ್ ಎನ್ನುತ್ತ ಕಾರು ಹತ್ತತೊಡಗಿತು. ಪಕ್ಕದ ಮನೆಗಳಲ್ಲಿ ಎಂದಿನಂತೆ ಒಲೆಯ ಹೊಗೆ, ಮಕ್ಕಳ ಗಲಾಟೆ. ನನಗೆ ಮಾತ್ರ ಈ ಕಾರನ್ನು ಓಡಿಸುತ್ತಿರುವವನು ನಾನಲ್ಲ ಎನ್ನಿಸುತ್ತಿತ್ತು. ತಿರುವಿನಲ್ಲಿ ನೋಡಿದರೆ ಗೇಟಿನ ಎರಡೂ ಬಾಗಿಲು ಗೋಡೆಗೆ ತಾಗಿ ತೆರೆದಿದ್ದವು. ಈ ಸಲ ಅವರು ಮರೆಯಲ್ಲಿರಲಿಲ್ಲ. ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಬಾಗಿಲು ಹಿಡಿದು ನಿಂತಿದ್ದರು.

ನಾನು ನೇರ ಒಳಗೆ ಹೋಗಿ, ಮನೆಯ ಪಕ್ಕದ ಖಾಲಿ ಶೆಡ್ಡಿನಲ್ಲಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದೆ. ನೆಲದ ಮೇಲೆ ಎಂದೋ ಸೋರಿದ ಎಣ್ಣೆಯ ಕರಿಯ ಕಲೆ ಹಾಗೇ ಇತ್ತು. ಡೋರು ತೆರೆದಿಟ್ಟು ಇಳಿದು, ಗೋಡೆಯ ಪಕ್ಕಕ್ಕೆ ಸರಿದು ನಿಂತೆ. ಹಿಂದೆ ಗೇಟಿನ ಒಂದು ಬಾಗಿಲು ಕಿರುಗುಟ್ಟುತ್ತ ಮುಚ್ಚಿತು. ಆಮೇಲೆ ಇನ್ನೊಂದು. ಆಮೇಲೆ ಅಗುಳಿ ಬಿದ್ದ ಸದ್ದು.

ಅಮ್ಮಣ್ಣಿ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಬಂದರು. ನನ್ನ ಕಡೆ ನೋಡಲಿಲ್ಲ. ತೆರೆದ ಡೋರಿನ ಹತ್ತಿರ ಬಗ್ಗಿ ತಂಬಿಗೆಯನ್ನು ನೆಲದ ಮೇಲಿಟ್ಟು, ಖಾಲಿ ಸೀಟಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದರು.

"ಎಷ್ಟು ಹೊತ್ತು ಮಾಡಿದ್ರಿ," ಎಂದರು. "ಕೈಕಾಲು ತೊಳ್ಕೊಂಡು ಬನ್ನಿ. ಎಲೆ ಹಾಕ್ತೀನಿ."

ಅವರು ಒಳಗೆ ಹೋದರು. ಗೇಟಿಗೆ ಅಗುಳಿ ಬಿದ್ದಿತ್ತು, ಅದನ್ನು ತೆಗೆದು ಹೊರಗೆ ಹೋಗುವ ಧೈರ್ಯ ನನಗಾಗಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದೆ. ಒಳಗೆ ಮಣೆ ಎಳೆದ ಸದ್ದಾಯಿತು. ಕಾರಿನ ಅಡಿಯಿಂದ ಒಂದು ಹನಿ ಎಣ್ಣೆ ಹಳೆಯ ಕಲೆಯ ಮೇಲೆ ಬಿತ್ತು.