ಕೊಟ್ಟ ಮಕ್ಕಳ ಅಧ್ಯಾಯ

ಕಾಲೇಜಿನಲ್ಲಿ ಅವಳಿಗೆ ಮಠದಮ್ಮ ಎಂದೇ ಹೆಸರು. ಹಾಗಂತ ಅವಳು ಯಾವ ಮಠಕ್ಕೂ ನಡೆದುಕೊಂಡವಳಲ್ಲ. ಮಧ್ಯಯುಗದ ಯೂರೋಪಿನ ಸಮಾಜ, ಅಲ್ಲಿನ ಶಿಕ್ಷಣದ ಇತಿಹಾಸ ಅವಳ ವಿಷಯ. ಆ ಕಾಲದ ಓದುಬರಹ ಬಹುಪಾಲು ಸನ್ಯಾಸಿಗಳ ಮಠಗಳಲ್ಲೇ ಇದ್ದುದರಿಂದ ಬಾಯಿ ಬಿಟ್ಟರೆ ಮಠದ ಮಾತು. ಹುಡುಗರು ಸುಮ್ಮನಿರುತ್ತಾರೆಯೇ? ಹೆಸರಿಟ್ಟರು, ಅದು ಅಂಟಿಕೊಂಡಿತು. ಅವಳಿಗೂ ಗೊತ್ತು, ಒಳಗೊಳಗೇ ಒಂದಿಷ್ಟು ಖುಷಿಯೂ ಇತ್ತು.

ಆದರೆ ಆ ಸೋಮವಾರ ಮಠದಮ್ಮನಿಗೆ ಕೈಕಾಲೇ ಆಡುತ್ತಿರಲಿಲ್ಲ. ಅವತ್ತಿನ ಪಾಠ, ತಂದೆತಾಯಿ ತಾವಾಗಿ ಮಠಕ್ಕೆ ಕೊಟ್ಟ ಮಕ್ಕಳದ್ದು. ಎರಡನೇ ಬೆಂಚಿನಲ್ಲಿ ಕೂರುವ ಚಿನ್ನು ಎಲ್ಲರಿಗೂ ಗೊತ್ತಿರುವಂತೆ ಅವಳ ತಂಗಿಯ ಮಗಳು. ಮನೆಯಲ್ಲಿ ಅವಳನ್ನು ದೊಡ್ಡಮ್ಮ ಎನ್ನುತ್ತಾಳೆ, ಕಾಲೇಜಿನಲ್ಲಿ ಮೇಡಂ. ಹೆತ್ತವಳು ಮಾತ್ರ ಮಠದಮ್ಮನೇ.

ತಂಗಿಗೆ ಬಸಿರು ನಿಲ್ಲುತ್ತಿರಲಿಲ್ಲ. ಅಕ್ಕನಿಗೆ ಆಗಲೇ ಒಬ್ಬ ಮಗನಿದ್ದ, ಎರಡನೆಯದು ಹೊಟ್ಟೆಯಲ್ಲಿತ್ತು, ಅದೇ ಹೊತ್ತಿಗೆ ಸಂಶೋಧನೆಗೆ ಸೀಟೂ ಸಿಕ್ಕಿತ್ತು. ಹುಟ್ಟಿದ ಕೂಡಲೇ ನಿನ್ನ ಮಡಿಲಿಗೆ ಹಾಕುತ್ತೇನೆ ಎಂದು ತಂಗಿಗೆ ಹೇಳಿದವಳು ಅವಳೇ. ಎಂಥ ದೊಡ್ಡ ಮನಸ್ಸು ಎಂದು ಬಂಧುಬಳಗ ಹಾಡಿ ಹೊಗಳಿತು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಓದಬೇಕಿತ್ತು. ಎರಡೆರಡು ಮಕ್ಕಳನ್ನು ಕಟ್ಟಿಕೊಂಡು ಓದಲಾಗದು ಎಂದು ಅವಳಿಗೂ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ತಂಗಿ ಬೇಡಿಕೊಂಡದ್ದು ಒಂದೇ ಮಾತು: "ಅಕ್ಕಾ, ನಾನು ಬದುಕಿರೋವರೆಗೂ ನೀನಾಗಿ ಅವಳಿಗೆ ಹೇಳಬೇಡ." ಅಕ್ಕ ಆಣೆ ಮಾಡಿದ್ದಳು.

ಕಳೆದ ವರ್ಷ ತಂಗಿ ಹೋದಳು. ಗಂಟಲ ಕ್ಯಾನ್ಸರು, ಕೊನೆಕೊನೆಗೆ ನೀರೂ ಇಳಿಯುತ್ತಿರಲಿಲ್ಲ. ಹೆಣದ ಮುಂದೆ ಕೂತು ಅಳುತ್ತಿರುವಾಗಲೇ, ಆಣೆಯ ಅವಧಿ ಮುಗಿಯಿತು ಎಂಬ ಯೋಚನೆ ಮಠದಮ್ಮನ ತಲೆಗೆ ಬಂದಿತ್ತು. ಹಳೆಯ ಕಾಲದ ಪ್ರತಿಜ್ಞೆಗಳ ಷರತ್ತುಗಳನ್ನು ಜೀವಮಾನವೆಲ್ಲ ಓದಿದವಳಲ್ಲವೇ! ಥೂ, ನಾನೆಂಥ ಹೆಂಗಸು ಎಂದು ಅವಳಿಗೇ ಹೇಸಿಗೆಯಾಯಿತು. ಆದರೆ ಬಂದ ಯೋಚನೆ ಹೋಗಲಿಲ್ಲ.

ಈಗ ತಂಗಿಯ ಗಂಡ ಮನೆ ಖಾಲಿ ಮಾಡಿ ದೂರದಲ್ಲಿದ್ದ ತಮ್ಮನ ಊರಿಗೆ ಹೊರಟಿದ್ದ. ಚಿನ್ನು ಎಲ್ಲಿರಬೇಕು ಎನ್ನುವುದು ಈ ವಾರವೇ ತೀರ್ಮಾನವಾಗಬೇಕು. ಮಠದಮ್ಮನ ಮಗ ಮದುವೆಯಾಗಿ ಬೇರೆ ಇದ್ದ. ಅವನ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಪರದೆ ಹಾಕಿಸಿ, ಓದುವ ಮೇಜಿಗೊಂದು ದೀಪವನ್ನೂ ತಂದಿಟ್ಟಿದ್ದಳು. ಮಗಳು ಬೇಕು ಎಂದು ಇಷ್ಟು ವರ್ಷದಲ್ಲಿ ಇಷ್ಟು ಬಾಯಾರಿದ್ದು ಇದೇ ಮೊದಲು. ಪಾಠದ ನೆಪದಲ್ಲಿ ಹುಡುಗಿಯ ಮನಸ್ಸು ಹದ ಮಾಡಿಕೊಂಡು ಆಮೇಲೆ ವಿಷಯ ಹೇಳುವುದೆಂದು ನಿರ್ಧರಿಸಿದ್ದಳು. ಪಾಠ ಹೇಳುವವರ ಜಾಯಮಾನವೇ ಅಷ್ಟು, ಹೆತ್ತ ಮಗಳ ಜೊತೆ ಮಾತಾಡಲಿಕ್ಕೂ ಒಂದು ಪೀಠಿಕೆ ಬೇಕು.

"ಐದಾರು ವರ್ಷದ ಮಗು," ಎಂದು ಶುರು ಮಾಡಿದಳು. "ಅಪ್ಪ ಅಮ್ಮ ಕೈ ಹಿಡ್ಕೊಂಡು ಮಠಕ್ಕೆ ಕರ್ಕೊಂಡು ಬರ್ತಾರೆ. ಪೂಜೆಯ ವೇದಿಕೆ ಮೇಲೆ ಒಂದು ಬಟ್ಟೆ ಹೊದಿಸಿರ್ತಾರಲ್ಲ, ಅದರಲ್ಲಿ ಮಗುವಿನ ಕೈ ಸುತ್ತುತ್ತಾರೆ. ಆಯ್ತು. ಅಲ್ಲಿಂದಾಚೆಗೆ ಅದು ಮಠದ ಮಗು."

"ಸಾಕೋಕಾಗದೆ ಕೊಡ್ತಿದ್ರಾ ಮೇಡಂ?" ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ.

"ಎಷ್ಟೋ ಸಲ ಉಳ್ಳವರೇ ಕೊಡ್ತಿದ್ರಪ್ಪ. ಇವತ್ತು ನಾವು ಅದನ್ನ ಕ್ರೌರ್ಯ ಅಂದ್ಬಿಡ್ತೀವಿ. ಆದ್ರೆ ಆ ಮಕ್ಕಳಿಗೆ ಅಕ್ಷರ ಸಿಕ್ತು, ಲ್ಯಾಟಿನ್ ಸಿಕ್ತು, ನೋಡ್ಕೊಳೋರು ಸಿಕ್ರು. ಪ್ರೀತಿ ಇಲ್ದೆ ಕೊಟ್ಳು ಅಂತ ಆ ತಾಯಿ ಬಗ್ಗೆ ಹೇಳೋಕೆ ನಾವ್ಯಾರು?"

ಬೇರೆ ವರ್ಷಗಳಲ್ಲಿ ಈ ಮಾತು ಪಾಠದಲ್ಲಿ ಇರುತ್ತಿರಲಿಲ್ಲ. ಬೇರೆ ವರ್ಷಗಳಲ್ಲಿ ಕೊಟ್ಟವರನ್ನು ಅವಳು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

ಚಿನ್ನು ಕೈ ಎತ್ತಿದಳು. "ದೊಡ್ಡದಾದ್ಮೇಲೆ ಮಗೂನ ಯಾರೂ ಕೇಳ್ತಾನೇ ಇರ್ಲಿಲ್ವಾ ಮೇಡಂ? ಇರ್ತೀಯಾ, ಹೋಗ್ತೀಯಾ ಅಂತ?"

"ಮೊದಮೊದಲು ಇಲ್ಲ. ಹನ್ನೆರಡನೇ ಶತಮಾನದ ಹೊತ್ತಿಗೆ, ಬುದ್ಧಿ ತಿಳಿದ ಮೇಲೆ ಮಗುವಿನ ಒಪ್ಪಿಗೆ ಬೇಕು ಅನ್ನೋ ವಿಚಾರ ಗಟ್ಟಿಯಾಯ್ತು."

"ಹೋಗ್ತೀನಿ ಅಂದ್ರೆ, ಮನೆಯವರು ಸೇರಿಸ್ಕೋತಿದ್ರಾ?"

ಮಠದಮ್ಮ ತಡವರಿಸಿದಳು. ಅದರ ಬಗ್ಗೆ ನಮಗೆ ಹೆಚ್ಚು ತಿಳಿದಿಲ್ಲ ಎಂದಳು. ಆದರೆ ಎದೆಯಲ್ಲಿ ಸಂತೋಷ ಉಕ್ಕಿತು. ಹುಡುಗಿಗೆ ಬರುವ ಮನಸ್ಸಿದೆ, ಇಲ್ಲದಿದ್ದರೆ ಇಂಥ ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ ಎಂದುಕೊಂಡಳು. ಗಂಟೆ ಹೊಡೆಯಿತು. "ಚಿನ್ನು, ಸ್ಟಾಫ್ ರೂಮಿಗೆ ಬಾಮ್ಮ," ಎಂದು ಕರೆದಳು.

ಉಳಿದವರು ಊಟಕ್ಕೆ ಹೋಗಿದ್ದರು. ಉತ್ತರಪತ್ರಿಕೆಗಳ ಕಟ್ಟುಗಳನ್ನು ಸರಿಸಿ ಚಿನ್ನುವಿಗೆ ಕುರ್ಚಿಯಲ್ಲಿ ಜಾಗ ಮಾಡಿಕೊಟ್ಟು, ಬಾಗಿಲು ಹಾಕಿ ಎದುರಿಗೆ ಕೂತಳು. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ ಏನೋ.

"ನಿನ್ನನ್ನ ಹೆತ್ತವಳು ನಾನು ಕಣೇ."

"ಗೊತ್ತು ದೊಡ್ಡಮ್ಮ," ಎಂದಳು ಚಿನ್ನು. "ಒಂಬತ್ತನೇ ಕ್ಲಾಸಲ್ಲಿದ್ದಾಗ ಅಮ್ಮಾನೇ ಹೇಳಿದ್ಳು. ಇರ್ತೀಯಾ, ಅಲ್ಲಿಗೆ ಹೋಗ್ತೀಯಾ ಅಂತಾನೂ ಕೇಳಿದ್ಳು."

"ನೀನು ಇರ್ತೀನಿ ಅಂದೆ."

"ಹೋಗ್ತೀನಿ ಅಂದೆ."

ಮಠದಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಅವತ್ತು ನಂಗೂ ಅಮ್ಮಂಗೂ ಜಗಳ ಆಗಿತ್ತು. ಆ ವಯಸ್ಸಲ್ಲಿ ಹಟ ಬೇರೆ. ಅಮ್ಮ ಒಂದು ಮಾತೂ ಆಡ್ಲಿಲ್ಲ. ಬಟ್ಟೆ, ಪುಸ್ತಕ, ಸ್ಕೂಲ್ ಯೂನಿಫಾರ್ಮ್, ಎಲ್ಲ ಬ್ಯಾಗಿಗೆ ತುಂಬಿ ನಿಮ್ಮನೆಗೆ ಕರ್ಕೊಂಡು ಬಂದ್ಳು. ನಾನು ಹೊರಗಡೆ ರೂಮಲ್ಲಿ ಕೂತಿದ್ದೆ. ಅಮ್ಮ ಅಡುಗೆಮನೇಲಿ ನಿಮ್ಮನ್ನ ಕೇಳಿದ್ಳು, ಅಕ್ಕಾ, ಇವಳನ್ನ ನಿನ್ನ ಹತ್ರ ಬಿಟ್ಟು ಹೋಗ್ಲಾ ಅಂತ."

ಮಠದಮ್ಮನಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಆಗದಿದ್ದರೇ ಚೆನ್ನಾಗಿತ್ತು. ಅಡುಗೆಮನೆಯ ಮೇಜಿನ ತುಂಬ ಅವಳ ಪುಸ್ತಕದ ಕರಡು ಹಾಳೆಗಳು. ಅಚ್ಚಿನ ಮನೆಯವನಿಂದ ಫೋನಿನ ಮೇಲೆ ಫೋನು. ಆ ಗಡಿಬಿಡಿಯಲ್ಲಿ ಹೇಳದೆ ಕೇಳದೆ ಬಂದು ನಿಂತ ತಂಗಿ. ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಈಗ ಬೇಡ ಕಣೇ, ಪುಸ್ತಕ ಅಚ್ಚಿಗೆ ಹೋಗ್ತಿದೆ, ನನ್ನ ತಲೆ ತಿನ್ನಬೇಡ, ರಜೆಯಲ್ಲಿ ನೋಡೋಣ ಎಂದಿದ್ದಳು. ರಜೆ ಬಂತು, ಹೋಯಿತು. ಅವಳು ಕರೆಯಲೂ ಇಲ್ಲ, ತಂಗಿ ಮತ್ತೆ ಕೇಳಲೂ ಇಲ್ಲ.

"ವಾಪಸ್ ಹೋಗೋವಾಗ ಬಸ್ಸಲ್ಲಿ ಅಮ್ಮ ಬಿಕ್ಕಿ ಬಿಕ್ಕಿ ಅತ್ಳು," ಎಂದಳು ಚಿನ್ನು. "ನಾನು ಉಳಿದೆ ಅನ್ನೋ ಖುಷಿಗೆ. ನಂಗೆ ಖುಷಿ ಆಗ್ತಿದೆ, ಕ್ಷಮಿಸು ಪುಟ್ಟಾ ಅಂತ ನನ್ನ ಹತ್ರಾನೇ ಕೇಳ್ಕೊಂಡ್ಳು. ಆಮೇಲೆ ನಾನ್ಯಾವತ್ತೂ ಅವಳ ಜೊತೆ ಜಗಳ ಆಡ್ಲಿಲ್ಲ."

ಮಠದಮ್ಮ ಉತ್ತರಪತ್ರಿಕೆಗಳ ಕಟ್ಟೊಂದನ್ನು ಎಳೆದು ನೇರ ಮಾಡಿಟ್ಟಳು.

"ನಾನು ಅಪ್ಪನ ಜೊತೆ ಹೋಗ್ತಿದ್ದೀನಿ ದೊಡ್ಡಮ್ಮ. ಅಪ್ಪಂಗೆ ಒಬ್ರೇ ಊಟಕ್ಕೆ ಕೂತ್ರೆ ತುತ್ತು ಇಳಿಯಲ್ಲ. ಅಲ್ಲೇ ಕಾಲೇಜಿಗೆ ಸೇರ್ಕೋತೀನಿ."

"ಚಿನ್ನು, ನಂಗೆ ಗೊತ್ತಾಗ್ಲಿಲ್ಲ ಕಣೇ." ಮಠದಮ್ಮ ಮೇಜಿನಾಚೆಗೆ ಬಾಗಿ ಅವಳ ಮುಂಗೈ ಹಿಡಿದುಕೊಂಡಳು. "ದೇವರಾಣೆಗೂ ಗೊತ್ತಾಗ್ಲಿಲ್ಲ. ಏನೋ ನಾಲ್ಕು ದಿನದ ಮಟ್ಟಿಗೆ ಬಿಡ್ತೀನಿ ಅಂತಿದ್ದಾಳೆ ಅಂದ್ಕೊಂಡೆ."

ಚಿನ್ನು ಕೈ ಕಿತ್ತುಕೊಳ್ಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಹೂಂ ದೊಡ್ಡಮ್ಮ, ನೀವು ಹಾಗೇ ಅಂದ್ಕೊಂಡಿರ್ತೀರಿ," ಎಂದಳು. "ನಾಲ್ಕು ದಿನದ ಮಟ್ಟಿಗೂ ಬೇಡ ಅಂದ್ರಲ್ಲ."